ಹಳೇ ಸಿಸ್ಟಮ್, ವಿಂಡೋಸ್ 7: ಒಂದು ಸಲ ಒತ್ತಿದರೆ ಎರಡು ಕ್ಲಿಕ್ ಆಗುತ್ತಿದೆ, ಬಾಣವೂ ಜಿಗಿಯುತ್ತಿದೆ. ಯಾವ ಸೆಟ್ಟಿಂಗ್ ನೋಡಬೇಕು?

ಡಿಟಿಪಿ_ಮಗ:

ನಮಸ್ಕಾರ ಎಲ್ಲರಿಗೂ. ತರೀಕೆರೆಯಲ್ಲಿ ಅಪ್ಪನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಗೃಹಪ್ರವೇಶದ ಕರೆಯೋಲೆ, ಬಿಲ್ ಬುಕ್ಕು, ವೈಕುಂಠ ಸಮಾರಾಧನೆ ಕಾರ್ಡು, ಇಂಥ ಕೆಲಸಗಳೇ. ಸಿಸ್ಟಮ್ ಹಳೇದು. ವಿಂಡೋಸ್ 7, 2 ಜಿಬಿ ರ‍್ಯಾಮ್, ಸಿಪಿಯು ಹಿಂದೆ ಹಸಿರು ಬಣ್ಣದ ಗುಂಡನೆ ಪೋರ್ಟಿಗೆ ಚುಚ್ಚುವ ಮೌಸು, ಕೆಳಗೆ ಕೆಂಪು ಲೈಟ್ ಉರಿಯುವಂಥದ್ದು. ನಾನು ದೀಪಾವಳಿಗೆ ಅಂತ ಊರಿಗೆ ಬಂದಿದ್ದೇನೆ, ಇನ್ನು ನಾಲ್ಕು ದಿನ ಇರುತ್ತೇನೆ. ತುಳಸಿ ಹಬ್ಬ ಕಳೆದರೆ ಮದುವೆ ಸೀಸನ್ ಶುರು, ಅಷ್ಟರಲ್ಲಿ ಇದೊಂದನ್ನು ಸರಿಮಾಡಿ ಹೋಗಬೇಕು.

ತೊಂದರೆ ಏನೆಂದರೆ, ಫೋಲ್ಡರ್ ಮೇಲೆ ಒಂದೇ ಸಲ ಒತ್ತಿದರೂ ತೆರೆದುಕೊಳ್ಳುತ್ತದೆ. ಯಾವಾಗಲೂ ಅಲ್ಲ, ಐದಾರು ಸಲಕ್ಕೆ ಒಮ್ಮೆ. ಪೇಜ್‌ಮೇಕರ್‌ನಲ್ಲಿ ಒಂದು ಸಾಲನ್ನು ಹಿಡಿದು ಎಳೆದರೆ ಅರ್ಧ ದಾರಿಯಲ್ಲಿ ಕೈಬಿಡುತ್ತದೆ. ಮೊನ್ನೆ ವರನ ಹೆಸರು ಹೋಗಿ ವಧುವಿನ ತಂದೆಯ ಹೆಸರಿನ ಮೇಲೆ ಕೂತಿತ್ತು, ಪ್ರಿಂಟ್ ತೆಗೆಯುವ ಮೊದಲು ನೋಡಿದ್ದಕ್ಕೆ ಬಚಾವು. ಅದರ ಜೊತೆಗೆ ಬಾಣ ಒಮ್ಮೊಮ್ಮೆ ತಾನಾಗಿಯೇ ಸ್ಕ್ರೀನಿನ ಮೂಲೆಗೆ ಓಡುತ್ತದೆ, ಇಲ್ಲಾಂದ್ರೆ ನಿಂತಲ್ಲೇ ನಡುಗುತ್ತದೆ.

ನಾನು ಮಾಡಿದ್ದು: ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಡಬಲ್ ಕ್ಲಿಕ್ ಸ್ಪೀಡನ್ನು ಪೂರ್ತಿ ಫಾಸ್ಟ್ ಕಡೆಗೆ ಎಳೆದೆ. ಹೀಗೆ ಮಾಡಿದರೆ ಬೇಡದ ಡಬಲ್ ಕ್ಲಿಕ್ ನಿಲ್ಲಬಹುದು ಅಂದುಕೊಂಡೆ. ಅದು ನಿಲ್ಲಲಿಲ್ಲ, ಬದಲಿಗೆ ಈಗ ಅಪ್ಪ ಬೇಕೆಂದೇ ಡಬಲ್ ಕ್ಲಿಕ್ ಮಾಡಿದರೆ ಆಗುತ್ತಿಲ್ಲ! ಫೈಲ್ ತೆರೆಯುವ ಬದಲು ಹೆಸರು ನೀಲಿಯಾಗಿ ರಿನೇಮ್‌ಗೆ ಹೋಗುತ್ತದೆ. ಆಮೇಲೆ ಮೌಸನ್ನು ಕಿತ್ತು ಮತ್ತೆ ಹಾಕಿ ನೋಡೋಣ ಅಂತ ಸಿಸ್ಟಮ್ ಆನ್ ಇರುವಾಗಲೇ ಕಿತ್ತೆ, ಮತ್ತೆ ಹಾಕಿದರೆ ಬಾಣ ಅಲ್ಲಾಡಲೇ ಇಲ್ಲ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕಾಯಿತು. ಒಂದು ಕಾರ್ಡಿನ ಕೆಲಸ ಸೇವ್ ಆಗಿರಲಿಲ್ಲ, ಅಪ್ಪ ಆ ದಿನ ನನ್ನ ಹತ್ತಿರ ಜಾಸ್ತಿ ಮಾತಾಡಲಿಲ್ಲ.

ಯಾವ ಸೆಟ್ಟಿಂಗ್ ಸರಿಮಾಡಬೇಕು ಹೇಳಿ.


ಕೋರಮಂಗಲ_ಕೋಡರ್:

ಗುರೂ, ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಲಿಸಿದ್ದು 2020ರ ಜನವರಿ 14ಕ್ಕೆ. ಇನ್ನೂ ಅದನ್ನೇ ಹಿಡಿದುಕೊಂಡು ಕೂತರೆ ಹೇಗೆ? ಎಲ್ಲ ಫಾರ್ಮ್ಯಾಟ್ ಮಾಡಿ ಹೊಸದು ಹಾಕು, ಅರ್ಧ ದಿನದ ಕೆಲಸ.


ಡಿಟಿಪಿ_ಮಗ:

ಆಗಲ್ಲ ಸಾರ್. ಹದಿನೈದು ವರ್ಷದ ಫೈಲುಗಳೆಲ್ಲ ಹಳೇ ನುಡಿ ಫಾಂಟಿನಲ್ಲಿವೆ, ಯೂನಿಕೋಡ್ ಅಲ್ಲ. ಬೇರೆ ಸಿಸ್ಟಮ್‌ನಲ್ಲಿ ತೆರೆದರೆ ಗಣಪತಿ ಶ್ಲೋಕದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಪೇಜ್‌ಮೇಕರ್ ಬಿಟ್ಟು ಬೇರೆ ಕಲಿಯಲು ಅಪ್ಪ ತಯಾರಿಲ್ಲ. ಸಿಸ್ಟಮ್‌ಗೆ ನೆಟ್ ಕನೆಕ್ಷನ್ ಕೂಡ ಕೊಟ್ಟಿಲ್ಲ, ಪೆನ್ ಡ್ರೈವ್ ಮೇಲೇ ಎಲ್ಲ. ಮೌಸ್ ಒಂದು ಸರಿಯಾದರೆ ಸಾಕು.


ಸ್ಕ್ರೂಡ್ರೈವರ್:

ಫಾರ್ಮ್ಯಾಟ್ ಅಂತೂ ಮಾಡಬೇಡ್ರಿ. ಮೌಸಿನ ಗುಂಡಿ ಸವೆದಿದ್ದರೆ ವಿಂಡೋಸ್ 11 ಹಾಕಿದರೂ ಎರಡು ಸಲ ಬೀಳುವುದು ಬೀಳುತ್ತದೆ. ಹುಬ್ಬಳ್ಳಿಯಲ್ಲಿ ನಂದು ರಿಪೇರಿ ಅಂಗಡಿ. ಇದೇ ದೂರು ಹೊತ್ತುಕೊಂಡು ಬಂದವರನ್ನು ಎಷ್ಟು ಜನ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಹತ್ತರಲ್ಲಿ ಒಂಬತ್ತು ಸಲ ಅದು ಸೆಟ್ಟಿಂಗ್ ಅಲ್ಲ.

ಎಡಗಡೆ ಗುಂಡಿ ಕೆಳಗೆ ಒಂದು ಸಣ್ಣ ಕರಿ ಡಬ್ಬಿ ಇರುತ್ತದೆ, ಮೈಕ್ರೋಸ್ವಿಚ್ ಅಂತೇವೆ. ಅದರೊಳಗೆ ತಾಮ್ರದ ಬಣ್ಣದ ಒಂದು ತೆಳು ಪಟ್ಟಿ. ನೀವು ಒತ್ತಿದಾಗ ಅದು ಟಕ್ ಅಂತ ಹೋಗಿ ಕಾಂಟ್ಯಾಕ್ಟಿಗೆ ಬಡಿಯುತ್ತದೆ. ಹೊಸ ಮೌಸಿನಲ್ಲೂ ಅದು ಒಂದಿಷ್ಟು ಪುಟಿಯುತ್ತದೆ, ಆದರೆ ಕೆಲವೇ ಮಿಲಿಸೆಕೆಂಡಿನಲ್ಲಿ ನಿಲ್ಲುತ್ತದೆ, ಅಷ್ಟನ್ನು ಮೌಸಿನ ಚಿಪ್ಪೇ ಲೆಕ್ಕಕ್ಕೆ ತಗೊಳ್ಳೋದಿಲ್ಲ. ವರ್ಷಗಟ್ಟಲೆ ಒತ್ತಿ ಒತ್ತಿ ಪಟ್ಟಿಯ ಬಿಗಿ ಹೋಗಿ, ಕಾಂಟ್ಯಾಕ್ಟ್ ಕಪ್ಪಾದ ಮೇಲೆ ಪುಟಿಯುವುದು ಜಾಸ್ತಿ ಹೊತ್ತು ನಡೆಯುತ್ತದೆ. ಆಗ ಚಿಪ್ಪು ಅದನ್ನು ಎರಡನೇ ಕ್ಲಿಕ್ ಅಂತ ತಿಳಿದು ಕಳಿಸುತ್ತದೆ. ನಿಮ್ಮ ಎಳೆತ ಅರ್ಧಕ್ಕೆ ಕೈಬಿಡುವುದೂ ಇದರಿಂದಲೇ, ಒತ್ತಿ ಹಿಡಿದಿರುವಾಗಲೇ ಒಂದು ಕ್ಷಣ ಕಾಂಟ್ಯಾಕ್ಟ್ ಬಿಟ್ಟು ಹೋಗುತ್ತದೆ, ಕಂಪ್ಯೂಟರು ಬೆರಳು ಎತ್ತಿದರು ಅಂದುಕೊಳ್ಳುತ್ತದೆ. ಎರಡೂ ಲಕ್ಷಣ ಒಟ್ಟಿಗೆ ಇದ್ದರೆ ನನಗೆ ಅನುಮಾನವೇ ಉಳಿಯೋದಿಲ್ಲ.

ಆದರೂ ನನ್ನ ಮಾತು ನಂಬಬೇಡ್ರಿ, ಖರ್ಚಿಲ್ಲದೆ ನೀವೇ ಪರೀಕ್ಷೆ ಮಾಡಬಹುದು. ಕಂಟ್ರೋಲ್ ಪ್ಯಾನೆಲ್, ಮೌಸ್, ಬಟನ್ಸ್ ಅನ್ನುವ ಮೊದಲನೇ ಟ್ಯಾಬ್. ಅಲ್ಲಿ ‘ಸ್ವಿಚ್ ಪ್ರೈಮರಿ ಅಂಡ್ ಸೆಕೆಂಡರಿ ಬಟನ್ಸ್’ ಅಂತ ಇದೆ, ಟಿಕ್ ಹಾಕ್ರಿ. ಹಾಕಿದ ಕೂಡಲೇ ಎಡ ಬಲ ಆಗುತ್ತದೆ, ಗಾಬರಿ ಬೇಡ, ಇನ್ನು ಮುಂದೆ ಬಲಗಡೆ ಗುಂಡಿಯೇ ನಿಮ್ಮ ಮಾಮೂಲಿ ಕ್ಲಿಕ್. ಒಂದು ಗಂಟೆ ಹಾಗೇ ಕೆಲಸ ಮಾಡ್ರಿ. ತಪ್ಪು ಸೆಟ್ಟಿಂಗಿನದ್ದಾದರೆ ಬಲಗಡೆ ಗುಂಡಿಯಲ್ಲೂ ಎರಡೆರಡು ಸಲ ಬೀಳುತ್ತದೆ. ಸ್ವಿಚ್ಚಿನದ್ದಾದರೆ ಬಲಗಡೆ ಚೆನ್ನಾಗಿ ಕೆಲಸ ಮಾಡಿ, ಎಡಗಡೆ ಒತ್ತಿದಾಗ ಮೆನು ಬಂದು ಬಂದು ಹೋಗಿ ತಮಾಷೆ ಮಾಡುತ್ತದೆ.

ಇನ್ನೊಂದು ಮಾತು, ಬೈಯುತ್ತಿಲ್ಲ, ಆದರೆ ಹಸಿರು ಪೋರ್ಟಿನ ಮೌಸನ್ನು ಸಿಸ್ಟಮ್ ಆನ್ ಇರುವಾಗ ಕೀಳಬಾರದು. ಅದು ಪಿಎಸ್/2, ಐಬಿಎಂನವರು 1987ರಲ್ಲಿ ತಂದ ಪೋರ್ಟು, ಯುಎಸ್‌ಬಿ ಥರ ಯಾವಾಗ ಬೇಕಾದರೂ ಹಾಕಿ ತೆಗೆಯಲು ಮಾಡಿದ್ದಲ್ಲ. ಸಾಮಾನ್ಯವಾಗಿ ಸಿಸ್ಟಮ್ ಶುರುವಾಗುವಾಗ ಮೌಸ್ ಇದೆಯೋ ಇಲ್ಲವೋ ನೋಡಿಕೊಳ್ಳುತ್ತದೆ, ಆಮೇಲೆ ಕಿತ್ತು ಹಾಕಿದರೆ ರೀಸ್ಟಾರ್ಟ್ ಮಾಡುವ ತನಕ ಕಷ್ಟ. ಯಾವಾಗಾದರೂ ಮತ್ತೆ ಮೌಸ್ ಸತ್ತರೆ ಪವರ್ ಬಟನ್ ಮುಟ್ಟಬೇಡ್ರಿ. ಕಂಟ್ರೋಲ್ ಮತ್ತು ಎಸ್ ಒತ್ತಿ ಸೇವ್ ಮಾಡಿ, ಆಲ್ಟ್ ಮತ್ತು ಎಫ್4 ಒತ್ತುತ್ತಾ ಒಂದೊಂದೇ ಮುಚ್ಚುತ್ತಾ ಬಂದರೆ ಕೊನೆಗೆ ಶಟ್‌ಡೌನ್ ಕೇಳುತ್ತದೆ, ಎಂಟರ್ ಹೊಡೀರಿ. ಅಪ್ಪ ಮಾತಾಡ್ತಾರೆ.


ಲ್ಯಾಬ್_ಟೀಚರ್:

ಮೇಲಿನವರು ಹೇಳಿದ್ದು ಸರಿ, ಆದರೆ ಸ್ವಿಚ್ ಅಂತ ತೀರ್ಮಾನ ಮಾಡುವ ಮೊದಲು ಒಂದು ಸೆಟ್ಟಿಂಗ್ ನೋಡಿ. ನಮ್ಮ ಹೈಸ್ಕೂಲಿನ ಲ್ಯಾಬಿನಲ್ಲಿ ಮಕ್ಕಳು ಇದನ್ನು ಬದಲಾಯಿಸಿಟ್ಟು ನನ್ನನ್ನು ವಾರಗಟ್ಟಲೆ ಆಟ ಆಡಿಸಿದ್ದಾರೆ. ಯಾವುದಾದರೂ ಫೋಲ್ಡರ್ ತೆರೆದು, ಮೇಲೆ ಆರ್ಗನೈಸ್, ಅದರಲ್ಲಿ ಫೋಲ್ಡರ್ ಅಂಡ್ ಸರ್ಚ್ ಆಪ್ಷನ್ಸ್. ಅಲ್ಲಿ ‘ಸಿಂಗಲ್ ಕ್ಲಿಕ್ ಟು ಓಪನ್’ ಅಂತ ಆಯ್ಕೆ ಆಗಿದ್ದರೆ ಒಂದೇ ಒತ್ತಿಗೆ ಎಲ್ಲ ತೆರೆದುಕೊಳ್ಳುತ್ತದೆ. ಗುರುತು ಹಿಡಿಯೋದು ಸುಲಭ, ಆಗ ಐಕಾನಿನ ಮೇಲೆ ಹೋದರೆ ಬಾಣದ ಬದಲು ಕೈ ಬರುತ್ತದೆ. ನಿಮ್ಮದು ಐದಾರು ಸಲಕ್ಕೆ ಒಮ್ಮೆ ಅಂತಿದ್ದೀರಿ, ಹಾಗಾಗಿ ಇದಲ್ಲ ಅನ್ನಿಸುತ್ತದೆ. ಆದರೂ ನೋಡಿ.

ಡಬಲ್ ಕ್ಲಿಕ್ ಸ್ಪೀಡ್ ವಿಷಯ. ನೀವು ಎಳೆದದ್ದು ಉಲ್ಟಾ. ಮಾಮೂಲಿಯಾಗಿ ಎರಡು ಕ್ಲಿಕ್ ಅರ್ಧ ಸೆಕೆಂಡಿನೊಳಗೆ, ಅಂದರೆ 500 ಮಿಲಿಸೆಕೆಂಡಿನೊಳಗೆ ಬಿದ್ದರೆ ಡಬಲ್ ಕ್ಲಿಕ್ ಅಂತ ಲೆಕ್ಕ. ಪೂರ್ತಿ ಫಾಸ್ಟ್ ಮಾಡಿದರೆ ಅದು 200ಕ್ಕೆ ಇಳಿಯುತ್ತದೆ. ಸವೆದ ಸ್ವಿಚ್ ಪುಟಿಯುವುದು ಅದಕ್ಕಿಂತ ಎಷ್ಟೋ ಬೇಗ, ಅದಕ್ಕೆ ಏನೂ ಅಡ್ಡಿ ಆಗಲ್ಲ. ಅಡ್ಡಿ ಆಗೋದು ನಿಮ್ಮ ತಂದೆಯವರ ಬೆರಳಿಗೆ. ಅವರ ಎರಡು ಕ್ಲಿಕ್ಕನ್ನು ಸಿಸ್ಟಮ್ ಬೇರೆ ಬೇರೆ ಕ್ಲಿಕ್ ಅಂತ ತಗೊಂಡು ರಿನೇಮ್‌ಗೆ ಹೋಗುತ್ತಿದೆ. ಹುಷಾರು, ಆ ಹೊತ್ತಿನಲ್ಲಿ ಏನಾದರೂ ಟೈಪ್ ಮಾಡಿದರೆ ಫೈಲಿನ ಹೆಸರೇ ಬದಲಾಗುತ್ತದೆ, ಆಮೇಲೆ ಫೈಲೇ ಕಳೆದುಹೋಯಿತು ಅಂತ ಹುಡುಕಾಟ. ಹಾಗೇನಾದರೂ ಆದರೆ ಎಸ್ಕೇಪ್ ಒತ್ತಲು ಹೇಳಿ. ಸ್ಪೀಡನ್ನು ಸ್ಲೋ ಕಡೆಗೆ ಎಳೆಯಿರಿ, ಕೊನೆಯ ತನಕ ಎಳೆದರೆ 900 ಮಿಲಿಸೆಕೆಂಡ್ ಸಿಗುತ್ತದೆ. ಪಕ್ಕದಲ್ಲೇ ಹಳದಿ ಫೋಲ್ಡರಿನ ಚಿತ್ರ ಇದೆಯಲ್ಲ, ಅದರ ಮೇಲೆ ಅವರ ಕೈಯಲ್ಲೇ ಡಬಲ್ ಕ್ಲಿಕ್ ಮಾಡಿಸಿ ನೋಡಿ, ನಿಮ್ಮ ಕೈಯಲ್ಲಿ ಅಲ್ಲ. ಅದು ಅವರ ಮೌಸು ಅಲ್ವಾ.

ಡಬಲ್ ಕ್ಲಿಕ್ ಆಗಲೇ ಇಲ್ಲ ಅಂದರೆ ಒಮ್ಮೆ ಒತ್ತಿ ಎಂಟರ್ ಹೊಡೆದರೂ ಫೈಲ್ ತೆರೆಯುತ್ತದೆ. ವಯಸ್ಸಾದ ಎಷ್ಟೋ ಜನಕ್ಕೆ ಇದೇ ಹಿತ.


ಫ್ರೀವೇರ್_ಫ್ಯಾನ್:

ಮೌಸ್ ಡ್ರೈವರ್, ಅಂದ್ರೆ ಮೌಸನ್ನು ನಡೆಸೋ ಸಾಫ್ಟ್‌ವೇರ್, ಹಾಳಾಗಿರುತ್ತೆ. ಡ್ರೈವರ್ ಅಪ್‌ಡೇಟ್ ಮಾಡೋ ಸಾಫ್ಟ್‌ವೇರ್‌ಗಳು ಫ್ರೀ ಸಿಗುತ್ತವೆ, ಡೌನ್‌ಲೋಡ್ ಮಾಡಿ ಸ್ಕ್ಯಾನ್ ಕೊಡಿ, ರಿಜಿಸ್ಟ್ರಿ ಕೂಡ ಕ್ಲೀನ್ ಆಗುತ್ತೆ.


ಸ್ಕ್ರೂಡ್ರೈವರ್:

ಬೇಡಾ ಬೇಡ. ಸಾದಾ ಮೌಸಿಗೆ ಬೇಕಾದ ಡ್ರೈವರ್ ವಿಂಡೋಸ್ ಜೊತೆಗೇ ಬಂದಿರುತ್ತದೆ, ಅಪ್‌ಡೇಟ್ ಮಾಡಲಿಕ್ಕೆ ಅಲ್ಲಿ ಏನೂ ಇಲ್ಲ. ನೆಟ್ ಇಲ್ಲದ ಸಿಸ್ಟಮ್ ಹೇಗೋ ಹದಿನೈದು ವರ್ಷ ಬಾಳಿದೆ, ಪೆನ್ ಡ್ರೈವಿನಲ್ಲಿ ವೈರಸ್ ತುಂಬಿಸಿಕೊಂಡು ಹೋಗಿ ಕೊಡಬೇಡ್ರಿ.


ಡಿಟಿಪಿ_ಮಗ:

ಟೆಸ್ಟ್ ಮಾಡಿದೆ. ಮೇಡಂ ಹೇಳಿದ ಸಿಂಗಲ್ ಕ್ಲಿಕ್ ಸೆಟ್ಟಿಂಗ್ ಸರಿಯಾಗೇ ಇತ್ತು. ಆಮೇಲೆ ಗುಂಡಿ ಅದಲುಬದಲು ಮಾಡಿದೆ, ಬಲಗಡೆ ಗುಂಡಿಯಲ್ಲಿ ಒಂದು ಗಂಟೆ ಕೆಲಸ ಮಾಡಿದರೂ ಒಂದು ಸಲ ಕೂಡ ತಪ್ಪಲಿಲ್ಲ, ಸಾಲು ಹಿಡಿದು ಎಳೆದರೆ ಪೇಜಿನ ಕೆಳಗಿನ ತನಕ ಬರುತ್ತದೆ. ಹಾಗಾದರೆ ಎಡಗಡೆ ಸ್ವಿಚ್ಚೇ. ಒಪ್ಪಿದೆ.

ಡಬಲ್ ಕ್ಲಿಕ್ ಸ್ಪೀಡ್ ಅಪ್ಪನ ಕೈಯಲ್ಲೇ ಸೆಟ್ ಮಾಡಿಸಿದೆ. ಮಧ್ಯಕ್ಕಿಂತ ಸ್ವಲ್ಪ ಸ್ಲೋ ಕಡೆ ನಿಂತಿದೆ. ‘ಇದು ಮೊದಲು ಸರಿಯಾಗೇ ಇತ್ತು, ನೀನು ಬಂದ ಮೇಲೆ ಕೆಟ್ಟಿದ್ದು’ ಅಂದರು, ಅದೂ ನಿಜ.

ಆದರೆ ಬಾಣ ಜಿಗಿಯುವುದು ನಿಂತಿಲ್ಲ. ಗುಂಡಿ ಯಾವುದಾದರೂ ಸರಿ, ಅದು ಹಾಗೇ ಇದೆ. ಪಾಯಿಂಟರ್ ಸ್ಪೀಡ್ ಕಮ್ಮಿ ಮಾಡಿ ನೋಡಿದೆ, ಈಗ ನಿಧಾನವಾಗಿ ಜಿಗಿಯುತ್ತದೆ ಅಷ್ಟೆ.


ಸ್ಕ್ರೂಡ್ರೈವರ್:

ಒಂದು ಪ್ರಶ್ನೆ, ನಗಬೇಡ್ರಿ. ಇದು ಆಯುಧಪೂಜೆ ಆದ ಮೇಲೆ ಶುರು ಆಯಿತೋ, ಮೊದಲೇ ಇತ್ತೋ? ಮತ್ತೆ ಮೌಸ್ ಇಡುವ ಜಾಗ ಯಾವುದು, ಮರವೋ, ಗಾಜೋ?


ಡಿಟಿಪಿ_ಮಗ:

ಅಯ್ಯೋ. ಅಪ್ಪನನ್ನು ಕೇಳಿದೆ. ಕ್ಲಿಕ್ ತೊಂದರೆ ಆರು ತಿಂಗಳಿಂದ ಇದೆಯಂತೆ, ಬಾಣ ಓಡೋದು ಹಬ್ಬದ ಮರುದಿನದಿಂದ. ಟೇಬಲ್ ಮೇಲೆ ಗಾಜು ಹಾಸಿದೆ, ಅದರ ಕೆಳಗೆ ಕಾರ್ಡಿನ ಸ್ಯಾಂಪಲ್‌ಗಳು, ರೇಟ್ ಬರೆದ ಚೀಟಿ, ಒಂದು ಲಕ್ಷ್ಮೀ ಫೋಟೋ. ಮೊದಲು ಒಂದು ಮೌಸ್ ಪ್ಯಾಡ್ ಇತ್ತಂತೆ, ಅಂಚು ಕಿತ್ತುಹೋಗಿದೆ ಅಂತ ಹಬ್ಬಕ್ಕೆ ಅಂಗಡಿ ತೊಳೆಯುವಾಗ ಎಸೆದರಂತೆ. ಪೂಜೆ ದಿನ ಮಾನಿಟರು, ಕೀಬೋರ್ಡು, ಪ್ರಿಂಟರು, ಮೌಸು ಎಲ್ಲಕ್ಕೂ ಕುಂಕುಮ ಹಚ್ಚಿದ್ದಾರೆ. ನಿಮಗೆ ಹೇಗೆ ಗೊತ್ತಾಯಿತು?


ಸ್ಕ್ರೂಡ್ರೈವರ್:

ನಮ್ಮ ಅಂಗಡಿಗೆ ಪ್ರತಿ ವರ್ಷ ದಸರಾ ಮುಗಿದ ವಾರ ಕುಂಕುಮದ ಕೀಬೋರ್ಡು ಬರುತ್ತವೆ, ಅದಕ್ಕೇ ಕೇಳಿದೆ. ನಾವೂ ಹಚ್ಚುತ್ತೇವೆ, ಹಚ್ಚಬೇಡ್ರಿ ಅನ್ನೋದಿಲ್ಲ, ಆದರೆ ಮೌಸಿಗೆ ಬೆನ್ನಿನ ಮೇಲೆ ಒಂದು ಚುಕ್ಕೆ ಸಾಕು.

ಕೆಂಪು ಲೈಟಿನ ಮೌಸ್ ಅಂದರೆ ಒಂದು ಪುಟ್ಟ ಕ್ಯಾಮೆರಾ. ಟೇಬಲ್ಲಿನ ಮೇಲ್ಮೈಯನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಫೋಟೋ ಹೊಡೆದು, ಹಿಂದಿನ ಫೋಟೋಗೂ ಈಗಿನದಕ್ಕೂ ಏನು ಸರಿದಿದೆ ಅಂತ ನೋಡಿ ಬಾಣವನ್ನು ಓಡಿಸುತ್ತದೆ. ಮರದಲ್ಲಿ, ಬಟ್ಟೆಯಲ್ಲಿ, ಸಾದಾ ಕಾಗದದಲ್ಲಿ ನಮ್ಮ ಕಣ್ಣಿಗೆ ಕಾಣದ ಸಣ್ಣ ತರಿ ಇರುತ್ತದೆ, ಅದನ್ನು ಹಿಡಿದುಕೊಂಡು ಅದು ಲೆಕ್ಕ ಹಾಕುತ್ತದೆ. ನುಣುಪು ಗಾಜಿನಲ್ಲಿ ಹಿಡಿಯಲಿಕ್ಕೆ ಏನೂ ಸಿಗೋದಿಲ್ಲ. ಬೆಳಕು ಗಾಜಿನೊಳಗೆ ಇಳಿದು ಹೋಗುತ್ತದೆ, ಕೆಳಗಿನ ಫೋಟೋ ಮಬ್ಬಾಗಿ ಕಾಣುತ್ತದೆ, ಒಂದಕ್ಕೊಂದು ತಾಳೆ ಆಗೋದಿಲ್ಲ, ಬಾಣ ಮೂಲೆಗೆ ಓಡುತ್ತದೆ. ಇದರ ಜೊತೆಗೆ ಕೆಳಗಿನ ತೂತಿನಲ್ಲಿ ಕುಂಕುಮದ ಪುಡಿ ಹೋಗಿ ಕೂತರೆ ಕೇಳಬೇಕೇ.

ಸಿಸ್ಟಮ್ ಶಟ್‌ಡೌನ್ ಮಾಡಿ, ಶಟ್‌ಡೌನ್ ಆದ ಮೇಲೆ, ಮೌಸ್ ಕಿತ್ತು ತಿರುಗಿಸಿ ಹಿಡಿದು ಮೆತ್ತಗೆ ತಟ್ಟಿರಿ. ಕಿವಿಗೆ ಹಾಕುವ ಹತ್ತಿಯ ಬಡ್ಸಿನಿಂದ ಲೆನ್ಸ್ ಒರೆಸಿರಿ. ಒಣ ಬಡ್ಸಿಗೆ ಬಾರದಿದ್ದರೆ ತುದಿಗೆ ಒಂಚೂರು ಸ್ಪಿರಿಟ್ ಹಚ್ಚಿ, ಸುರಿಯಬೇಡ್ರಿ. ಆಮೇಲೆ ಗಾಜಿನ ಮೇಲೆ ಒಂದು ಪ್ಯಾಡ್, ಪ್ಯಾಡ್ ಸಿಗುವ ತನಕ ಯಾವುದಾದರೂ ದಪ್ಪನೆ ಕಾರ್ಡು, ಹೊಳಪಿಲ್ಲದ್ದು. ನಿಮ್ಮ ಅಂಗಡಿಯಲ್ಲಿ ಅದಕ್ಕೇನು ಬರಗಾಲವೇ.

ಎಡಗಡೆ ಸ್ವಿಚ್ಚಿಗೆ ಎರಡು ದಾರಿ. ಬೆಸುಗೆ ಹಾಕಲು ಬರುತ್ತದಾದರೆ ಮೌಸ್ ಬಿಚ್ಚಿ ಎಡಗಡೆ ಸ್ವಿಚ್ ಬಲಕ್ಕೆ, ಬಲಗಡೆ ಸ್ವಿಚ್ ಎಡಕ್ಕೆ ಹಾಕಬಹುದು. ಬಲಗಡೆಯದು ಕಮ್ಮಿ ಸವೆದಿರುತ್ತದೆ. ಸ್ಕ್ರೂ ಕಾಣದಿದ್ದರೆ ಕೆಳಗಿನ ಸ್ಟಿಕ್ಕರ್ ಅಡಿ ಇರುತ್ತದೆ, ಇಲ್ಲವೇ ಜಾರಲು ಅಂಟಿಸಿದ ಪಟ್ಟಿಗಳ ಅಡಿ. ಅಷ್ಟು ಕಷ್ಟ ಯಾಕೆ ಅಂದರೆ ಮುನ್ನೂರು ರೂಪಾಯಿ ಆಸುಪಾಸಿನಲ್ಲಿ ಒಂದು ವೈರಿನ ಯುಎಸ್‌ಬಿ ಮೌಸ್ ತಗೊಳ್ರಿ. ನಾನು ರಿಪೇರಿಯವನಾಗಿ ಹೇಳಬಾರದು, ಆದರೂ ಮೌಸ್ ರಿಪೇರಿ ಮಾಡಿಸಲು ಯಾರಿಗೂ ನಾನು ಹೇಳೋದಿಲ್ಲ. ಹಸಿರು ಪೋರ್ಟಿಗೇ ಹಾಕುತ್ತೇನೆ ಅಂತ ಕನ್ವರ್ಟರ್ ತರಬೇಡ್ರಿ. ಯುಎಸ್‌ಬಿ, ಪಿಎಸ್/2 ಎರಡೂ ಭಾಷೆ ಬಲ್ಲ ಮೌಸಿಗೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ, ಈಗಿನ ಎಷ್ಟೋ ಮೌಸಿಗೆ ಆ ಹಳೇ ಭಾಷೆ ಗೊತ್ತಿಲ್ಲ. ಹಿಂದಗಡೆ ಕರಿ ಬಣ್ಣದ ಯುಎಸ್‌ಬಿ ಪೋರ್ಟಿಗೆ ನೇರ ಹಾಕ್ರಿ. ನೀಲಿ ಇದ್ದರೆ ಅದು ಬೇಡ, ವಿಂಡೋಸ್ 7ರಲ್ಲಿ ಯುಎಸ್‌ಬಿ 3ಕ್ಕೆ ಡ್ರೈವರ್ ಬೇರೆ ಹಾಕಿರಬೇಕು.


ಲ್ಯಾಬ್_ಟೀಚರ್:

ಹೊಸ ಮೌಸ್ ಬಂದ ಮೇಲೆ ಪಾಯಿಂಟರ್ ಆಪ್ಷನ್ಸ್ ಟ್ಯಾಬ್ ಒಮ್ಮೆ ನೋಡಿ. ನೀವು ಸ್ಪೀಡ್ ಕಮ್ಮಿ ಮಾಡಿದ್ದನ್ನು ವಾಪಸ್ ಮಧ್ಯಕ್ಕೆ ತನ್ನಿ. ಅದರಲ್ಲಿ 11 ಮೆಟ್ಟಿಲಿದೆ, ಆರನೆಯದು ಮಾಮೂಲಿ. ಅದಕ್ಕಿಂತ ಮೇಲೆ ಹೋದರೆ ಬಾಣ ಕೆಲವು ಚುಕ್ಕೆಗಳನ್ನು ಹಾರಿಸಿಕೊಂಡು ಹೋಗುತ್ತದೆ, ಕಾರ್ಡಿನಲ್ಲಿ ಗೆರೆಗೆ ಗೆರೆ ಕೂರಿಸುವವರಿಗೆ ಅದು ಕಿರಿಕಿರಿ. ಕೆಳಗೆ ‘ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್’ ಅಂತ ಇದೆ. ಹೆಸರು ನೋಡಿ ಮೋಸಹೋಗಬೇಡಿ. ಕೈ ಜೋರಾಗಿ ಓಡಿಸಿದರೆ ಬಾಣ ಇನ್ನೂ ಜಾಸ್ತಿ ದೂರ ಹೋಗುತ್ತದೆ, ಮೆಲ್ಲಗೆ ಓಡಿಸಿದರೆ ಕಮ್ಮಿ, ಅಷ್ಟೇ ಅದರ ಕೆಲಸ. ಡಿಸೈನ್ ಮಾಡುವವರು ಕೆಲವರು ತೆಗೆದುಹಾಕುತ್ತಾರೆ. ಆದರೆ ತಂದೆಯವರ ಕೈ ಇಷ್ಟು ವರ್ಷ ಅದಕ್ಕೇ ಪಳಗಿದ್ದರೆ ಮುಟ್ಟದಿರುವುದೇ ಒಳ್ಳೇದು.

ಕಂಟ್ರೋಲ್ ಕೀ ಒತ್ತಿದರೆ ಬಾಣದ ಸುತ್ತ ವೃತ್ತ ಬರುವ ಹಾಗೆ ಅದೇ ಟ್ಯಾಬಿನ ಕೊನೆಯಲ್ಲಿ ಒಂದು ಟಿಕ್ ಇದೆ. ಬಿಳಿ ಪೇಜಿನಲ್ಲಿ ಬಿಳಿ ಬಾಣ ಹುಡುಕಿ ಕಣ್ಣು ನೋಯುವವರಿಗೆ ಇದು ತುಂಬ ಅನುಕೂಲ.

ಇನ್ನೊಂದು. ಹೊಸ ಮೌಸ್ ಬರುವ ತನಕ, ಅಥವಾ ಒಂದು ಅಕ್ಷರವನ್ನು ಕೂದಲೆಳೆಯಷ್ಟು ಸರಿಸಬೇಕಾದಾಗ, ಎಡಗಡೆ ಆಲ್ಟ್, ಎಡಗಡೆ ಶಿಫ್ಟ್, ನಮ್ ಲಾಕ್ ಮೂರೂ ಒಟ್ಟಿಗೆ ಒತ್ತಿ. ಬಲಗಡೆಯ ನಂಬರ್ ಗುಂಡಿಗಳೇ ಮೌಸ್ ಆಗುತ್ತವೆ. 8, 2, 4, 6 ಮೇಲೆ ಕೆಳಗೆ ಅಕ್ಕಪಕ್ಕ, 5 ಒತ್ತಿದರೆ ಕ್ಲಿಕ್, ಪ್ಲಸ್ ಒತ್ತಿದರೆ ಡಬಲ್ ಕ್ಲಿಕ್. ಸೊನ್ನೆ ಒತ್ತಿದರೆ ವಸ್ತುವನ್ನು ಹಿಡಿದುಕೊಳ್ಳುತ್ತದೆ, ಚುಕ್ಕೆ ಒತ್ತಿದರೆ ಬಿಡುತ್ತದೆ. ಕೆಲಸ ಆದ ಮೇಲೆ ಅದೇ ಮೂರು ಗುಂಡಿ ಒತ್ತಿ ಆಫ್ ಮಾಡಿ, ಮರೆತರೆ ಬಿಲ್ ಬುಕ್ಕಿನಲ್ಲಿ ಫೋನ್ ನಂಬರ್ ಹೊಡೆಯಲು ಹೋದಾಗ ಬಾಣ ಊರೆಲ್ಲ ಸುತ್ತುತ್ತದೆ.


ಸ್ಕ್ರಿಪ್ಟ್_ಸಿದ್ಧ:

ತಡವಾಗಿ ನೋಡಿದೆ. ಮೌಸ್ ಬದಲಾಯಿಸುವ ತನಕ ಆಟೋಹಾಟ್‌ಕೀ ಅನ್ನೋದರಲ್ಲಿ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು, 80 ಮಿಲಿಸೆಕೆಂಡಿನೊಳಗೆ ಬಂದ ಎರಡನೇ ಕ್ಲಿಕ್ಕನ್ನು ನುಂಗಿಬಿಡುವ ಹಾಗೆ ಮಾಡಬಹುದು, ನಾನು ಒಂದು ವರ್ಷ ಹಾಗೇ ದೂಡಿದ್ದೇನೆ. ಎಳೆಯುವಾಗ ಕೈಬಿಡೋದು ಮಾತ್ರ ಅದರಿಂದ ಪೂರ್ತಿ ಸರಿಹೋಗಲಿಲ್ಲ. ಮುನ್ನೂರು ರೂಪಾಯಿ ಉಳಿಸಲು ಅಷ್ಟೆಲ್ಲ ಮಾಡಿದ್ದು ನೆನೆಸಿಕೊಂಡರೆ ಈಗ ನಗು ಬರುತ್ತದೆ.


ಡಿಟಿಪಿ_ಮಗ:

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ವಾಪಸ್ ಹೊರಟೆ.

ಲೆನ್ಸಿನಿಂದ ಕುಂಕುಮ ಬಂತು, ಬಡ್ಸ್ ಪೂರ್ತಿ ಕೆಂಪಾಯಿತು. ಗಾಜಿನ ಮೇಲೆ ಒಂದು ಹಳೇ ಮದುವೆ ಕಾರ್ಡನ್ನು ಹಿಂದುಮುಂದಾಗಿ ಇಟ್ಟೆವು, ಬಾಣ ಹೇಳಿದಲ್ಲಿ ನಿಲ್ಲುತ್ತದೆ. ಪೇಟೆಯಿಂದ 280 ರೂಪಾಯಿಗೆ ಯುಎಸ್‌ಬಿ ಮೌಸ್ ತಂದೆ, ಹಿಂದಗಡೆ ಕರಿ ಪೋರ್ಟಿಗೆ ಹಾಕಿದ ಮೇಲೆ ಮೂಲೆಯಲ್ಲಿ ಡ್ರೈವರ್ ಇನ್‌ಸ್ಟಾಲ್ ಆಗುತ್ತಿದೆ ಅಂತ ಬಂದು ಅರ್ಧ ನಿಮಿಷದಲ್ಲಿ ಶುರುವಾಯಿತು. ಗುಂಡಿಗಳನ್ನು ಮತ್ತೆ ಮೊದಲಿನ ಹಾಗೆ ಮಾಡುವುದನ್ನು ಮರೆತಿದ್ದೆ, ಅಪ್ಪ ಹೊಸ ಮೌಸೂ ಕೆಟ್ಟಿದೆ ಅಂದರು. ಅದೊಂದು ಟಿಕ್ ತೆಗೆದೆ.

ಎನ್‌ಹಾನ್ಸ್ ಪಾಯಿಂಟರ್ ತೆಗೆದು ಕೊಟ್ಟೆ, ಎರಡು ನಿಮಿಷ ಓಡಿಸಿ ‘ಭಾರ ಆಗಿದೆ, ಮೊದಲಿನ ಹಾಗೆ ಮಾಡು’ ಅಂದರು. ವಾಪಸ್ ಹಾಕಿದೆ. ಕಂಟ್ರೋಲ್ ಒತ್ತಿದರೆ ವೃತ್ತ ಬರೋದು ಮಾತ್ರ ತುಂಬ ಇಷ್ಟ ಆಗಿದೆ, ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದಾರೆ.

ಒಂದೇ ಉಳಿದಿದೆ. ಹೊಸ ಮೌಸಿನ ಚಕ್ರ ಒಂದು ಹಲ್ಲು ತಿರುಗಿಸಿದರೆ ಪೇಜು ಜಾಸ್ತಿ ಓಡುತ್ತದಂತೆ. ಫೋನಿನಲ್ಲಿ ಹೇಳಿ ಮಾಡಿಸಬೇಕು, ಎಲ್ಲಿದೆ ಅದು?


ಲ್ಯಾಬ್_ಟೀಚರ್:

ಅದೇ ಮೌಸ್ ಕಿಟಕಿಯಲ್ಲಿ ವೀಲ್ ಅನ್ನುವ ಟ್ಯಾಬ್. 3 ಅಂತ ಇರುತ್ತದೆ, ಅಂದರೆ ಒಂದು ಹಲ್ಲಿಗೆ ಮೂರು ಸಾಲು. 1 ಮಾಡಿಸಿ. ಅಪ್ಲೈ ಒತ್ತಿಸುವುದನ್ನು ಮರೆಯಬೇಡಿ.


ಸ್ಕ್ರೂಡ್ರೈವರ್:

ಹಳೇ ಮೌಸ್ ಎಸೆಯಬೇಡ್ರಿ. ಬಲಗಡೆ ಸ್ವಿಚ್ ಚೆನ್ನಾಗಿದೆ ಅಂದಿರಲ್ಲ, ಆ ಕಡೆ ಬಂದರೆ ನನಗೆ ಕೊಡ್ರಿ.